ಕೆಂಪು ದೀಪ ಯಾರ ಕಡೆಯದು?

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡವರಿಗೆಲ್ಲ ಗೋಡೆಗೆ ತೂಗುವ ಆ ಬಿಳಿ ಡಬ್ಬಿ ಪರಿಚಯ. ಅದರ ಮೈಮೇಲೆ ಒಂದಷ್ಟು ಹಸಿರು ದೀಪಗಳು ಸದಾ ಉರಿಯುತ್ತಿರುತ್ತವೆ. ಎಲ್‌ಒಎಸ್ ಎಂದು ಬರೆದ ದೀಪ ಮಾತ್ರ ಆರಿಯೇ ಇರಬೇಕು. ಅದು ಕೆಂಪಗೆ ಮಿನುಗಿತೆಂದರೆ ಮಕ್ಕಳ ಆನ್‌ಲೈನ್ ಕ್ಲಾಸು, ಕ್ರಿಕೆಟ್ ಮ್ಯಾಚು, ಆಫೀಸಿನ ಮೀಟಿಂಗು ಎಲ್ಲಕ್ಕೂ ಅಲ್ಲಿಗೆ ಮಂಗಳ. ಲೈನ್‌ಮನ್‌ಗೆ ಫೋನ್ ಮಾಡಿದರೆ ಅವನು ಮೊದಲು ಕೇಳುವುದೇ, "ಯಾವ ಲೈಟ್ ಕೆಂಪಗಿದೆ ನೋಡಿ ಹೇಳಿ" ಎಂದು. ಉತ್ತರ ಸಿಕ್ಕಿತೆಂದರೆ ಅರ್ಧ ರೋಗ ಪತ್ತೆಯಾದ ಹಾಗೆ.

ಆ ದೀಪ ಹೇಳುವುದು ಇಷ್ಟೇ: ನನಗೆ ಬೆಳಕು ಬರುತ್ತಿಲ್ಲ. ತಾನು ಕಳಿಸಿದ್ದು ಅತ್ತ ಮುಟ್ಟಿತೇ ಇಲ್ಲವೇ ಎಂಬುದು ಡಬ್ಬಿಗೆ ತಾನಾಗಿ ತಿಳಿಯುವುದಿಲ್ಲ. ತಂತಿಯಿರಲಿ, ಬೆಳಕಿನ ಎಳೆಯಿರಲಿ, ಪ್ರತಿ ಲೈನಿಗೂ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಈ ತುದಿಯಲ್ಲಿ ಕೂತವನಿಗೆ ಬರುವ ದಾರಿಯ ಸುದ್ದಿ ಮಾತ್ರ ನೇರವಾಗಿ ಸಿಗುತ್ತದೆ. ಹೋಗುವ ದಾರಿಯ ಸುದ್ದಿಯನ್ನು ಆ ತುದಿಯವನೇ ಹೇಳಬೇಕು. ದೂರಸಂಪರ್ಕದ ಎಂಜಿನಿಯರುಗಳು ಕಟ್ಟಿದ ಅಲಾರ್ಮ್ ಶಾಸ್ತ್ರವೆಲ್ಲ ಈ ಒಂದು ತೊಡಕಿನಿಂದ ಹುಟ್ಟಿದ್ದು.

ಇದನ್ನು ನೋಡಲು ಗೋವಾದ ಪರ್ವರಿ ಒಳ್ಳೆಯ ಜಾಗ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟಿ, ನಮ್ಮಲ್ಲಿ ಮಹದಾಯಿ ಎನಿಸಿಕೊಂಡು, ಕಳಸಾ-ಬಂಡೂರಿಯ ಜಗಳಕ್ಕೆ ಕಾರಣವಾದ ನದಿಯೇ ಗೋವಾದಲ್ಲಿ ಮಾಂಡೋವಿ. ಅದರ ತೆಂಕಣ ದಡದಲ್ಲಿ ಪಣಜಿ, ಬಡಗಣ ದಡದ ಗುಡ್ಡದ ಮೇಲೆ ಪರ್ವರಿ. ಗೋವಾ ವಿಧಾನಸಭೆ ಪಣಜಿಯ ಹಳೆಯ ಆದಿಲ್‌ಶಾಹಿ ಅರಮನೆಯನ್ನು ಬಿಟ್ಟು 2000ದಲ್ಲಿ ಪರ್ವರಿಯ ಹೊಸ ಕಟ್ಟಡಕ್ಕೆ ಬಂತು. ಸಚಿವಾಲಯವೂ ಈಗ ಅಲ್ಲೇ. ಆದರೆ ಎಷ್ಟೋ ಇಲಾಖೆಗಳು ಪಣಜಿಯಲ್ಲೇ ಉಳಿದವು. ಹಾಗಾಗಿ ಸರ್ಕಾರದ ಮಾತುಕತೆ ದಿನವೂ ನದಿ ದಾಟಲೇಬೇಕು. ಆಮೇಲೆ ರಾಜ್ಯದ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಪಂಚಾಯಿತಿಗೆ ಫೈಬರ್ ಎಳೆದ ಗೋವಾ ಬ್ರಾಡ್‌ಬ್ಯಾಂಡ್ ಜಾಲ ಬಂತು. ಅದನ್ನು ಕಟ್ಟಿದ್ದು ಬೆಂಗಳೂರಿನ ಯುನೈಟೆಡ್ ಟೆಲಿಕಾಮ್ಸ್ ಕಂಪನಿ.

ಈ ಜಾಲಗಳಿಗೂ ಹಿಂದಿನ, ಇವೆಲ್ಲಕ್ಕೂ ಅಜ್ಜನಂತಿರುವ ಲೈನೊಂದಿದೆ. ಎಂಜಿನಿಯರುಗಳ ಬಾಯಲ್ಲಿ ಅದು ಇ-ಒನ್. ಆಫೀಸುಗಳ ಬಾಯಲ್ಲಿ ಪಿಆರ್‌ಐ. ಅದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಿಳಿಯುತ್ತದೆ.

ಹಳೆಯ ಕಾಲದ ಫೋನಿನಲ್ಲಿ ಒಂದು ಜೋಡಿ ತಾಮ್ರದ ತಂತಿಗೆ ಒಂದೇ ಮಾತುಕತೆ. ತಂತಿ ಕಡಿದರೆ ಯಾರಾದರೂ ರಿಸೀವರ್ ಎತ್ತಿ "ಫೋನ್ ಡೆಡ್" ಎನ್ನುವವರೆಗೆ ಎಕ್ಸ್‌ಚೇಂಜಿಗೆ ಸುಳಿವೇ ಇರುತ್ತಿರಲಿಲ್ಲ. ಗ್ರಾಹಕನೇ ಅಲಾರ್ಮ್. ಧ್ವನಿಯನ್ನು ಅಂಕಿಗಳಾಗಿಸಿ ಕಳಿಸುವ ವಿಧಾನವನ್ನು ಬ್ರಿಟನ್ನಿನ ಅಲೆಕ್ ರೀವ್ಸ್ 1937ರಲ್ಲಿ ಪ್ಯಾರಿಸ್ಸಿನ ಪ್ರಯೋಗಾಲಯದಲ್ಲಿದ್ದಾಗ ಯೋಚಿಸಿದ್ದರು. ವಾಲ್ವುಗಳ ಆ ಕಾಲದಲ್ಲಿ ಅದನ್ನು ಲಾಭಕ್ಕೆ ಮಾಡುವುದು ಆಗದ ಮಾತು. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆ ಷಿಕಾಗೋದಲ್ಲಿ ಒಂದೇ ಲೈನಿನಲ್ಲಿ 24 ಮಾತುಕತೆ ಹರಿಸಿತು. ಯುರೋಪು ಅದನ್ನು 30ಕ್ಕೆ ಏರಿಸಿತು, ಭಾರತ ಯುರೋಪಿನ ಪದ್ಧತಿಯನ್ನು ಹಿಡಿಯಿತು. ಬೆಂಗಳೂರಿನ ಜನಕ್ಕೆ ಈ ಕಥೆ ದೂರದ್ದಲ್ಲ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಿಂದ ದೂರವಾಣಿ ನಗರ ಎಂಬ ಊರೇ ಹುಟ್ಟಿತು. ಸಿ-ಡಾಟ್ ರೂಪಿಸಿದ 128 ಲೈನುಗಳ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ.

ಒಂದೇ ಲೈನಿನಲ್ಲಿ 30 ಮಾತುಕತೆ ಹೋಗುವಾಗ ಗ್ರಾಹಕ ಕೂಗಿಕೊಳ್ಳುವವರೆಗೆ ಕಾಯಲಾಗದು. ಲೈನೇ ತನ್ನ ಕ್ಷೇಮ ಸಮಾಚಾರ ಹೇಳಬೇಕು.

ಇ-ಒನ್ ಒಳಗೆ ನಡೆಯುವುದು ಹೀಗೆ. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಇಂಥ 32 ಪಾಲುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಒಂದು ಫ್ರೇಮ್. ಕೊಂಕಣ ರೈಲ್ವೆಯ ಹಳಿಯ ಮೇಲೆ 32 ಡಬ್ಬಿಗಳ ಗಾಡಿ, ಡಬ್ಬಿಗೆ ಎಂಟೇ ಸೀಟು, 125 ಮೈಕ್ರೋಸೆಕೆಂಡಿಗೊಂದು ಗಾಡಿ, ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ ಎಂದುಕೊಳ್ಳಿ. ಸೆಕೆಂಡಿಗೆ ಒಟ್ಟು 20,48,000 ಬಿಟ್. 16ನೇ ಡಬ್ಬಿ ಯಾರು ಯಾರಿಗೆ ಕರೆ ಮಾಡಿದರು ಎಂಬ ಸಂದೇಶಗಳಿಗೆ ಮೀಸಲು. 30 ಡಬ್ಬಿಗಳಲ್ಲಿ ಜನರ ಮಾತು. ಉಳಿದದ್ದು ಸೊನ್ನೆಯ ಡಬ್ಬಿ. ಅದರಲ್ಲಿ ಯಾರ ಮಾತೂ ಹೋಗುವುದಿಲ್ಲ. ಲೈನು ತನ್ನ ಬಗ್ಗೆ ತಾನೇ ಮಾತಾಡಿಕೊಳ್ಳಲು ಇಟ್ಟುಕೊಂಡ ಜಾಗ ಅದು, ಒಟ್ಟು ಸಾಮರ್ಥ್ಯದ ಶೇಕಡಾ 3ಕ್ಕೆ ಸ್ವಲ್ಪ ಹೆಚ್ಚು. ದೂರಸಂಪರ್ಕದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ತಂದ ಇನ್ನೊಂದು ಏರ್ಪಾಡು ನನಗೆ ಕಂಡಿಲ್ಲ.

ಒಂದು ಬಿಟ್ಟು ಒಂದು ಫ್ರೇಮಿನ ಸೊನ್ನೆಯ ಡಬ್ಬಿಯಲ್ಲಿ 0011011 ಎಂಬ ಗುರುತು ಬರುತ್ತದೆ. ಗಾಡಿ ಎಲ್ಲಿಂದ ಶುರುವಾಯಿತು ಎಂದು ತಿಳಿಯಲು ಆ ತುದಿಯ ಯಂತ್ರ ಹುಡುಕುವುದು ಇದನ್ನೇ. ನಡುವಣ ಫ್ರೇಮುಗಳಲ್ಲಿ ಗುರುತಿನ ಬದಲು ಬೇರೆ ಸುದ್ದಿಗಳಿರುತ್ತವೆ. ಅವುಗಳಲ್ಲಿ ಮೂರನೆಯ ಬಿಟ್ ಈ ಅಧ್ಯಾಯದ ನಾಯಕ. ಎಲ್ಲ ಸರಿಯಿದ್ದಾಗ ಅದು ಸೊನ್ನೆ. ಒಂದಾಯಿತೆಂದರೆ ಅರ್ಥ: "ನೀನು ಹೇಳುತ್ತಿರುವುದು ನನಗೆ ಕೇಳುತ್ತಿಲ್ಲ."

ಪರ್ವರಿಯ ಗುಡ್ಡದ ಮೇಲೆ ಒಂದು ಕಚೇರಿ, ಪಣಜಿಯಲ್ಲಿ ಎಕ್ಸ್‌ಚೇಂಜ್, ನಡುವೆ ಒಂದು ಇ-ಒನ್ ಎಂದು ಊಹಿಸಿಕೊಳ್ಳಿ. ಪರ್ವರಿಯಿಂದ ಪಣಜಿಗೆ ಹೋಗುವ ದಾರಿ ಮಾತ್ರ ಕಡಿಯಿತು. ಬರುವ ದಾರಿ ಚೆನ್ನಾಗಿದೆ. ಪಣಜಿಯ ಯಂತ್ರಕ್ಕೆ ಮಿಡಿತ ನಿಂತುಹೋಯಿತು. ಹೆಚ್ಚೆಂದರೆ 255 ಬಿಟ್‌ಗಳ ಕಾಲ, ಅಂದರೆ ಸೆಕೆಂಡಿನ ಎಂಟು ಸಾವಿರದಲ್ಲೊಂದು ಭಾಗ ಕಾದು ಅದು ಸಿಗ್ನಲ್ ಇಲ್ಲವೆಂದು ತೀರ್ಮಾನಿಸುತ್ತದೆ. ಅಲ್ಲಿ ಕೆಂಪು ಅಲಾರ್ಮ್. ಒಡನೆ ಅದು ತಾನು ಪರ್ವರಿಗೆ ಕಳಿಸುವ ಫ್ರೇಮುಗಳಲ್ಲಿ ಆ ಮೂರನೆಯ ಬಿಟ್ಟನ್ನು ಒಂದು ಮಾಡುತ್ತದೆ. ಪರ್ವರಿಯಲ್ಲಿ ಹಳದಿ ಅಲಾರ್ಮ್.

ಜನ ಎಡವುವುದು ಇಲ್ಲೇ. ಪರ್ವರಿಯ ಕಚೇರಿಯವರು ಪರದೆಯಲ್ಲಿ ಹಳದಿ ನೋಡಿ, ಕೆಂಪಲ್ಲವಲ್ಲ, ಏನೋ ಸಣ್ಣದಿರಬೇಕು ಎಂದುಕೊಳ್ಳುತ್ತಾರೆ. ಟ್ರಾಫಿಕ್ ಸಿಗ್ನಲ್ಲಿನ ಅಭ್ಯಾಸ. ಇಲ್ಲಿ ಹಳದಿಯೆಂದರೆ ಕಡಿಮೆ ಅಪಾಯ ಎಂದಲ್ಲ. ನಿನ್ನ ಬರುವ ದಾರಿ ಸರಿಯಿದೆ, ಹೋಗುವ ದಾರಿ ಕೆಟ್ಟಿದೆ, ಹುಡುಕುವುದನ್ನು ನಿನ್ನ ಕಾರ್ಡಿನ ಹೊರಮುಖದ ಕನೆಕ್ಟರಿನಿಂದ ಶುರುಮಾಡು ಎಂದು ಅರ್ಥ. ಕೆಂಪು ಕಂಡವನು ಬರುವ ತಂತಿಯನ್ನು ನೋಡಬೇಕು, ಹಳದಿ ಕಂಡವನು ಹೋಗುವ ತಂತಿಯನ್ನು. ಎರಡೂ ದಾರಿ ಕಡಿದರೆ ಎರಡೂ ಕಡೆ ಕೆಂಪು.

ಇನ್ನೊಂದು ಬಣ್ಣವಿದೆ, ನೀಲಿ. ಪಣಜಿಯ ಎಕ್ಸ್‌ಚೇಂಜಿಗೂ ಪರ್ವರಿಗೂ ನಡುವೆ ಲೈನು ಎರಡು ಮೂರು ಯಂತ್ರಗಳನ್ನು ಹಾದು ಬರುತ್ತದೆ. ಎಕ್ಸ್‌ಚೇಂಜಿನ ಪಕ್ಕದ ತುಂಡು ಕಡಿಯಿತೆನ್ನಿ. ನಡುವಣ ಯಂತ್ರಕ್ಕೆ ಕಳಿಸಲು ಏನೂ ಇಲ್ಲ. ಅದು ಸುಮ್ಮನಾದರೆ ಪರ್ವರಿಯಲ್ಲೂ ಕೆಂಪು ಹೊತ್ತಿ, ಅಲ್ಲಿನವರು ಸರಿಯಿರುವ ತಮ್ಮ ಕೇಬಲನ್ನೇ ಅಗೆಯಲು ಹೊರಟಾರು. ಅದಕ್ಕೇ ಆ ಯಂತ್ರ ಬರೀ ಒಂದುಗಳನ್ನು ಎಡೆಬಿಡದೆ ಕಳಿಸುತ್ತದೆ: 11111111. ಒಂದು ಎಂದರೆ ತಂತಿಯ ಮೇಲೆ ಒಂದು ಮಿಡಿತ. ಮಿಡಿತಗಳು ಬರುತ್ತಿರುವವರೆಗೂ ಮುಂದಿನ ಯಂತ್ರಗಳ ಗಡಿಯಾರಗಳು ತಾಳ ತಪ್ಪುವುದಿಲ್ಲ. ನಿಜವಾದ ಮಾತಿನಲ್ಲಿ 512 ಬಿಟ್‌ಗಳಿಗೆ ಎರಡೇ ಸೊನ್ನೆ ಬರುವುದು ಅಸಂಭವ, ಹಾಗೆ ಬಂದರೆ ಅದು ಈ ಸೂಚನೆಯೇ. ನೀಲಿಯ ಅರ್ಥ: "ನಿನ್ನ ಪಕ್ಕದ ತುಂಡು ಚೆನ್ನಾಗಿದೆ. ತೊಂದರೆ ನನಗಿಂತ ಹಿಂದೆ." ಒಂದು ಕಡಿತಕ್ಕೆ ಹತ್ತು ಜಾಗದಲ್ಲಿ ಗಂಟೆ ಬಾರಿಸಿ ಹತ್ತು ಜೀಪು ಹೊರಡಿಸದೆ, ಒಂದೇ ಜಾಗಕ್ಕೆ ಬೆರಳು ತೋರಿಸುವ ಈ ಉಪಾಯವನ್ನು ಕಂಡುಕೊಂಡವರು ಲೈನಿನ ಮೇಲೆ ಅಲೆದವರೇ ಇರಬೇಕು.

ಕೆಂಪು, ಹಳದಿ, ನೀಲಿ ಅಮೆರಿಕದ ಸಲಕರಣೆಗಳಿಂದ ಬಂದ ಹೆಸರುಗಳು. ನಮ್ಮ ಟೆಲಿಕಾಂ ಇಲಾಖೆಯವರು ಅವನ್ನು ಕ್ರಮವಾಗಿ ಎಲ್‌ಒಎಸ್, ಆರ್‌ಎಐ, ಎಐಎಸ್ ಎಂದೇ ಹೇಳುತ್ತಾರೆ. 2000ರ ದಶಕದಲ್ಲಿ ಇ-ಒನ್ ಕಾರ್ಡನ್ನು ಮಾಮೂಲಿ ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಮೇಲೆ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ ಓಡಿಸಿ ಆಫೀಸಿನ ಇಡೀ ಎಕ್ಸ್‌ಚೇಂಜನ್ನು ಕಟ್ಟುವ ಕಾಲ ಬಂದಾಗ ಈ ಎರಡು ಭಾಷೆಗಳು ಡಿಕ್ಕಿ ಹೊಡೆದವು. ಕಾರ್ಡನ್ನು ನಡೆಸುವ ಜಾಪ್ಟೆಲ್ (2008ರಲ್ಲಿ ಅದರ ಹೆಸರು ದಾಹ್ಡಿ ಎಂದಾಯಿತು) ಪರದೆಯಲ್ಲಿ ರೆಡ್, ಯೆಲ್ಲೋ, ಬ್ಲೂ ಎಂದು ತೋರಿಸುತ್ತಿತ್ತು. ಅತ್ತ ಫೋನಿನಲ್ಲಿ ಸಿಕ್ಕ ಎಂಜಿನಿಯರು "ಎಐಎಸ್ ಬರ್ತಿದೆಯಾ?" ಎಂದರೆ ಇತ್ತ ಕೂತ ಹುಡುಗ "ಇಲ್ಲ ಸಾರ್, ಬ್ಲೂ ಬರ್ತಿದೆ" ಎನ್ನಬೇಕು. ಇಬ್ಬರೂ ಹೇಳುತ್ತಿದ್ದುದು ಒಂದನ್ನೇ. ಹಾಗಿದ್ದರೂ ಆ ಅಗ್ಗದ ಕಾರ್ಡುಗಳು ದೊಡ್ಡ ಉಪಕಾರ ಮಾಡಿದವು. ಅಲ್ಲಿಯವರೆಗೆ ಎಕ್ಸ್‌ಚೇಂಜಿನ ಒಳಕೋಣೆಯಲ್ಲಿ ಮಾತ್ರ ಕಾಣುತ್ತಿದ್ದ ಲೈನಿನ ನಾಡಿ ಗ್ರಾಹಕನ ಮೇಜಿನ ಮೇಲೆ ಕಾಣುವಂತಾಯಿತು.

ಇನ್ನು, ಎಲ್ಲ ಹಸಿರಾಗಿದ್ದೂ ಲೈನು ಕೆಟ್ಟಿರುವ ಪ್ರಕರಣಗಳು. ನಿಜವಾದ ತಲೆನೋವು ಇವೇ.

ಮೊದಲನೆಯದು ಸುಳ್ಳು ಗುರುತು. 0011011 ಏಳೇ ಬಿಟ್‌ಗಳದ್ದು. ಯಾರದೋ ಮಾತಿನ ನಡುವೆಯೂ 128ರಲ್ಲಿ ಒಂದು ಸಲ ಆಕಸ್ಮಿಕವಾಗಿ ಬಂದುಬಿಡಬಹುದು. ಅದನ್ನೇ ಗಾಡಿಯ ಮೊದಲ ಡಬ್ಬಿ ಎಂದು ಯಂತ್ರ ನಂಬಿದರೆ ಎಲ್ಲರ ಮಾತೂ ಕಲಸಿಹೋಗುತ್ತದೆ. ಅದಕ್ಕೆ ಯಂತ್ರ ಒಂದು ಸಲ ಗುರುತು ಕಂಡ ಮೇಲೆ ಮುಂದಿನ ಫ್ರೇಮಿನಲ್ಲಿ ಅದು ಇಲ್ಲದಿರುವುದನ್ನೂ, ಅದರ ಮುಂದಿನದರಲ್ಲಿ ಮತ್ತೆ ಇರುವುದನ್ನೂ ನೋಡಿಕೊಂಡೇ ಒಪ್ಪುತ್ತದೆ. ಬಿಡುವಾಗಲೂ ಆತುರವಿಲ್ಲ: ಮೂರು ಸಲ ಸತತವಾಗಿ ತಪ್ಪಿದರೆ ಮಾತ್ರ ಜೋಡಣೆ ಹೋಯಿತೆಂದು ಸಾರುತ್ತದೆ. ಇಷ್ಟೂ ಸಾಲದೆಂದು ಮುಂದೆ ಸಿಆರ್‌ಸಿ-4 ಎಂಬ ತಾಳೆ ಲೆಕ್ಕ ಸೇರಿಸಿದರು. ಎಂಟು ಫ್ರೇಮುಗಳ 2048 ಬಿಟ್‌ಗಳಿಗೆ ಒಂದು ಲೆಕ್ಕ ಮಾಡಿ, ಬಂದ ನಾಲ್ಕು ಬಿಟ್ ಉತ್ತರವನ್ನು ಸೊನ್ನೆಯ ಡಬ್ಬಿಯಲ್ಲೇ ತೂರಿಸಿ ಕಳಿಸುವುದು, ಆ ತುದಿಯವರು ಅದೇ ಲೆಕ್ಕ ಮಾಡಿ ತಾಳೆ ನೋಡುವುದು. ಸೆಕೆಂಡಿಗೆ ಇಂಥ ಸಾವಿರ ಪರೀಕ್ಷೆ. ಸಾವಿರದಲ್ಲಿ 915 ಅಥವಾ ಅದಕ್ಕಿಂತ ಹೆಚ್ಚು ತಪ್ಪಾದರೆ ಲೈನು ಕೆಟ್ಟಿದೆ ಎಂದಲ್ಲ, ನಾನು ಹಿಡಿದ ಗುರುತೇ ಸುಳ್ಳು ಎಂದು ಯಂತ್ರ ತನ್ನ ಮೇಲೇ ಅನುಮಾನ ಪಟ್ಟು ಹೊಸದಾಗಿ ಹುಡುಕುತ್ತದೆ. ತಾನು ತಪ್ಪಿರಬಹುದೆಂದು ಒಪ್ಪಿಕೊಳ್ಳುವ ಯಂತ್ರ! ಕಚೇರಿಗಳಲ್ಲಿ ಈ ಗುಣ ಅಪರೂಪ.

ಈ ಲೆಕ್ಕದ ಇನ್ನೊಂದು ಲಾಭ, ತಪ್ಪಾದ ಸುದ್ದಿ ಹಿಂದಕ್ಕೂ ಹೋಗುತ್ತದೆ. ತಾಳೆಯಾಗದ ಪ್ರತಿ ತುಂಡಿಗೂ ಆ ತುದಿಯವನು ಒಂದು ಬಿಟ್ ತಿರುಗಿಸಿ ತಿಳಿಸುತ್ತಾನೆ. ಹೀಗೆ ಪರ್ವರಿಯಲ್ಲಿ ಕೂತೇ ಎರಡೂ ದಿಕ್ಕಿನ ಆರೋಗ್ಯ ನೋಡಬಹುದು.

ಎರಡನೆಯದು ಗಡಿಯಾರ. ಲೈನಿನ ಎರಡೂ ತುದಿಗಳು ಒಂದೇ ತಾಳದಲ್ಲಿ ನಡೆಯಬೇಕು. ಸಾಮಾನ್ಯವಾಗಿ ಎಕ್ಸ್‌ಚೇಂಜ್ ತಾಳ ಕೊಡುತ್ತದೆ, ಗ್ರಾಹಕನ ಯಂತ್ರ ಅನುಸರಿಸುತ್ತದೆ. ಕಾರ್ಡು ಹಾಕಿದ ಹುಡುಗ ಸೆಟ್ಟಿಂಗಿನಲ್ಲಿ ಒಂದು ಅಂಕಿ ತಪ್ಪಿಸಿ ತನ್ನ ಕಾರ್ಡನ್ನೂ ಯಜಮಾನನನ್ನಾಗಿ ಮಾಡಿಬಿಟ್ಟರೆ ಎರಡು ತಾಳಗಳು ನಡೆಯುತ್ತವೆ. ಇ-ಒನ್ ನಿಯಮ ಬಿಡುವ ವ್ಯತ್ಯಾಸ ಹತ್ತು ಲಕ್ಷದಲ್ಲಿ 50 ಪಾಲು. ಕೈಗಡಿಯಾರ ದಿನಕ್ಕೆ ನಾಲ್ಕು ಸೆಕೆಂಡು ಹೆಚ್ಚು ಕಡಿಮೆ ತೋರಿಸಿದರೆ ಯಾರು ಗಮನಿಸುತ್ತಾರೆ? ಲೈನಿನಲ್ಲಿ ಮಾತ್ರ ಅಷ್ಟಕ್ಕೇ ಎರಡೂವರೆ ಸೆಕೆಂಡಿಗೊಮ್ಮೆ ಒಂದು ಇಡೀ ಫ್ರೇಮ್ ಕಳೆದುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಇದನ್ನು ಸ್ಲಿಪ್ ಎನ್ನುತ್ತಾರೆ. ಮಾತಾಡುವವರಿಗೆ ಎಲ್ಲೋ ಒಂದು ಟಿಕ್ ಸದ್ದು ಕೇಳಿದರೆ ಹೆಚ್ಚು. ಆದರೆ ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತದೆ. 16ನೇ ಡಬ್ಬಿಯ ಸಂದೇಶಗಳು ಆಗೀಗ ಹರಿದು ಬರುತ್ತವೆ, ಯಾವುದೋ ಕರೆ ಕಾರಣವಿಲ್ಲದೆ ಕಡಿಯುತ್ತದೆ. ದೀಪಗಳೆಲ್ಲ ಹಸಿರು. ಗುಟ್ಟು ಬಿಡುವುದು ಒಂದೇ ಒಂದು, ಸ್ಲಿಪ್‌ಗಳ ಎಣಿಕೆ. ಅದನ್ನು ನೋಡುವ ರೂಢಿ ಇಲ್ಲದವರು ಫ್ಯಾಕ್ಸ್ ಯಂತ್ರವನ್ನೇ ಬದಲಿಸುತ್ತಾರೆ. ಹೋಲಿಸಿ ನೋಡಿ: ಜಾಲಗಳ ನಡುವಣ ಪರಮಾಣು ಗಡಿಯಾರಗಳ ನಿಯಮದಲ್ಲಿ ಎರಡು ದೇಶಗಳ ನಡುವೆ ಇಂಥ ಒಂದು ಸ್ಲಿಪ್‌ಗೆ ಸುಮಾರು 70 ದಿನ ಬೇಕು.

ಮೂರನೆಯದು ಮರೆತ ಲೂಪ್. ತೊಂದರೆ ಎಲ್ಲಿದೆ ಎಂದು ಹುಡುಕುವಾಗ ಎಂಜಿನಿಯರು "ಲೂಪ್ ಕೊಡಿ" ಎನ್ನುತ್ತಾರೆ. ಕೇಬಲ್ ಚೌಕಟ್ಟಿನಲ್ಲಿ ಹೋಗುವ ಕೇಬಲಿನ ಕನೆಕ್ಟರನ್ನು ತೆಗೆದು ಬರುವ ಕೇಬಲಿಗೆ ಒಂದು ಗೇಣು ತುಂಡಿನಿಂದ ಸೇರಿಸುವುದು. ಕಳಿಸಿದ್ದೆಲ್ಲ ಹಿಂದಿರುಗುತ್ತದೆ. ಪಣಜಿಯಿಂದ ನೋಡಿದಾಗ ಪರ್ವರಿಯ ಲೂಪಿನವರೆಗೆ ಹಸಿರಾದರೆ ತೊಂದರೆ ಕಚೇರಿಯ ಒಳಗೆ. ಸರಳ, ಅಚ್ಚುಕಟ್ಟು. ಕೆಲಸ ಮುಗಿದ ಮೇಲೆ ಆ ತುಂಡನ್ನು ತೆಗೆಯುವುದು ಮರೆತರೆ? ಯಂತ್ರ ತನ್ನ ದನಿಯನ್ನೇ ಕೇಳುತ್ತ, ತನ್ನ ಗುರುತನ್ನೇ ಕಂಡು ಹಿಗ್ಗುತ್ತ, ತನ್ನ ಲೆಕ್ಕವನ್ನೇ ತಾಳೆ ನೋಡುತ್ತ, ಒಂದೂ ಅಲಾರ್ಮ್ ಇಲ್ಲದೆ ಕೂತಿರುತ್ತದೆ. ಒಂದೂ ಕರೆ ಹೋಗುವುದಿಲ್ಲ. ಪಿಆರ್‌ಐನಲ್ಲಿ ಒಂದು ತುದಿ ಜಾಲ, ಇನ್ನೊಂದು ಗ್ರಾಹಕ ಎಂಬ ಕಟ್ಟಳೆ ಇರುವುದರಿಂದ ತಂತ್ರಾಂಶ "ಎದುರಿನವನೂ ನನ್ನ ಪಾತ್ರವನ್ನೇ ವಹಿಸುತ್ತಿದ್ದಾನೆ" ಎಂದು ಗೊಣಗುತ್ತದೆ. ಆ ಗೊಣಗಾಟ ಕಂಡರೆ ಮೊದಲು ಲೂಪ್ ಹುಡುಕಿ. ಮುಂದೆ ಬಂದ ಎಸ್‌ಡಿಎಚ್ ಫೈಬರ್ ವ್ಯವಸ್ಥೆಯಲ್ಲಿ ಇದಕ್ಕೆ ಮದ್ದು ಸಿಕ್ಕಿತು. ಪ್ರತಿ ದಾರಿಯೂ 15 ಅಕ್ಷರಗಳ ತನ್ನ ಹೆಸರನ್ನು ಹೊತ್ತುಕೊಂಡೇ ಹೋಗುತ್ತದೆ. ಪಣಜಿಯ ಹೆಸರು ಬರಬೇಕಾದಲ್ಲಿ ತನ್ನದೇ ಹೆಸರು ಬಂದರೆ ಅಲಾರ್ಮ್.

ಎಸ್‌ಡಿಎಚ್ ತಂದ ಇನ್ನೊಂದು ವರ ಉಂಗುರ. ಫೈಬರನ್ನು ಊರೂರು ಸುತ್ತಿಸಿ ಹೊರಟಲ್ಲಿಗೇ ತಂದರೆ ಒಂದು ಕಡೆ ಕಡಿದರೂ ಇನ್ನೊಂದು ಸುತ್ತಿನಿಂದ ಸಂಕೇತ ತಲುಪುತ್ತದೆ. ಕಡಿದದ್ದನ್ನು ಅರಿತ ಮೇಲೆ ದಾರಿ ಬದಲಿಸಲು ನಿಯಮ ಕೊಡುವ ಗಡುವು 50 ಮಿಲಿಸೆಕೆಂಡು. ಫೋನಿನಲ್ಲಿ ಮಾತಾಡುತ್ತಿದ್ದವರಿಗೆ ತಿಳಿಯುವುದೇ ಇಲ್ಲ, ಅಲಾರ್ಮ್ ಪರದೆಗೆ ಮಾತ್ರ ತಿಳಿಯುತ್ತದೆ. ಇಲ್ಲಿ ಒಂದು ಹಳೆಯ ರೋಗ ಕಾಯುತ್ತಿದೆ. ಎರಡು ದಾರಿಯಲ್ಲಿ ಒಂದು ಹೋದಾಗ ಗ್ರಾಹಕ ಕೂಗುವುದಿಲ್ಲ, ಹಾಗಾಗಿ ಅದು ತುರ್ತಲ್ಲ ಎನಿಸುತ್ತದೆ. ವಾರ ಕಳೆದು ಎರಡನೆಯದೂ ಹೋದಾಗ ಎಲ್ಲರೂ "ರಿಂಗ್ ಇತ್ತಲ್ಲ?" ಎಂದು ಕೇಳುತ್ತಾರೆ.

ಪರ್ವರಿಯ ಮಟ್ಟಿಗೆ ಉಂಗುರಕ್ಕೆ ಇನ್ನೂ ಒಂದು ಪ್ರಶ್ನೆ ಕೇಳಬೇಕು: ನದಿಯನ್ನು ಎಲ್ಲಿ ದಾಟುತ್ತದೆ? ಪಣಜಿ ಮತ್ತು ಪರ್ವರಿಯ ನಡುವೆ ಮಾಂಡೋವಿಗೆ ಮೂರು ಸೇತುವೆಗಳು, ಮೂರೂ ಒಂದರ ಪಕ್ಕ ಒಂದು. ಇವಕ್ಕೂ ಹಿಂದೆ, 1970ರಲ್ಲಿ ಕಟ್ಟಿದ್ದ ಸೇತುವೆ 1986ರ ಜುಲೈ 5ರಂದು ಕುಸಿದು ಬಿತ್ತು. ಈಗಿನ ಮೂರರಲ್ಲಿ ಕೊನೆಯದಾದ ಅಟಲ್ ಸೇತು 2019ರ ಜನವರಿಯಲ್ಲಿ ತೆರೆಯಿತು. ಎರಡು ಫೈಬರುಗಳನ್ನು ಒಂದೇ ಸೇತುವೆಯ ಎಡಬಲಕ್ಕೆ ಕಟ್ಟಿ, ಎರಡು ದಾರಿಯಿದೆ ಎಂದು ನಕ್ಷೆಯಲ್ಲಿ ತೋರಿಸಿದರೆ ಅದು ಒಂದೇ ದಾರಿ. ಎರಡನೆಯ ದಾರಿ ನದಿಯ ಮೇಲ್ಗಡೆಗೆ ಸುತ್ತು ಹೊಡೆದು ಬರಬೇಕು, ಇಲ್ಲವೇ ಗಾಳಿಯಲ್ಲಿ ಮೈಕ್ರೋವೇವ್ ಆಗಿ ದಾಟಬೇಕು. ಪರ್ವರಿಯ ಗುಡ್ಡಕ್ಕೂ ಪಣಜಿಯ ಆಲ್ತಿನೋ ಗುಡ್ಡಕ್ಕೂ ನಡುವೆ ನದಿಯ ಬಯಲು. ಮೈಕ್ರೋವೇವಿಗೆ ಹೇಳಿ ಮಾಡಿಸಿದ ಜಾಗ, ಗೋವಾದ ಮಳೆಯೊಂದನ್ನು ಬಿಟ್ಟರೆ. ಸುಮಾರು 10 ಗಿಗಾಹರ್ಟ್ಜ್‌ಗಿಂತ ಮೇಲಿನ ತರಂಗಗಳನ್ನು ಜಡಿಮಳೆ ನುಂಗುತ್ತದೆ. ಆದರೂ ಕೇಬಲ್ ಕಡಿತದ ಹಾಗೆ ಮೈಕ್ರೋವೇವ್ ಏಕಾಏಕಿ ಸಾಯುವುದಿಲ್ಲ. ಸಂಕೇತದ ಬಲ ಇಳಿಯುತ್ತದೆ, ಲೆಕ್ಕ ತಪ್ಪಿದ ತುಂಡುಗಳು ಒಂದು, ಎರಡು, ಹತ್ತು ಎಂದು ಏರುತ್ತವೆ, ಆಮೇಲೆ ಕೆಂಪು. ಎಣಿಕೆಯನ್ನು ನೋಡುವವನಿಗೆ ದೀಪ ಹೊತ್ತುವ ಮೊದಲೇ ಕೆಲವು ನಿಮಿಷ ಸಿಗುತ್ತವೆ.

ಫೈಬರಿನ ದೊಡ್ಡ ಶತ್ರು ಮಳೆಯಲ್ಲ, ಜೆಸಿಬಿ. ಪರ್ವರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸುಮಾರು ಐದು ಕಿಲೋಮೀಟರ್ ಉದ್ದದ ಆರು ಪಥದ ಮೇಲುರಸ್ತೆಯ ಕಾಮಗಾರಿ ಕೈಗೆತ್ತಿಕೊಂಡಾಗ ರಸ್ತೆ ಬದಿಯ ನೀರಿನ ಪೈಪು, ಕರೆಂಟು, ಕೇಬಲ್ ಎಲ್ಲವನ್ನೂ ಸರಿಸಬೇಕಾದ ಪಾಡು ಬಂತು. ಇಂಥ ಕಡೆ ಎಲ್ಲಿ ಕಡಿಯಿತೆಂದು ಹೇಳುವುದು ಓಟಿಡಿಆರ್ ಎಂಬ ಕೈಪೆಟ್ಟಿಗೆ. ಅದು ಬೆಳಕಿನ ಒಂದು ಮಿಣುಕನ್ನು ಎಳೆಯೊಳಗೆ ಬಿಟ್ಟು, ಮರಳಿ ಬರುವ ಬೆಳಕಿನ ಹೊತ್ತನ್ನು ಅಳೆಯುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹೋಗಿ ಬರಲು ಕಿಲೋಮೀಟರಿಗೆ ಸುಮಾರು 10 ಮೈಕ್ರೋಸೆಕೆಂಡು. 23 ಮೈಕ್ರೋಸೆಕೆಂಡಿಗೆ ಹೊಳಪು ಬಂತೆಂದರೆ ಕಡಿತ 2.3 ಕಿಲೋಮೀಟರ್ ದೂರದಲ್ಲಿ. ಆದರೆ ಎಲ್ಲಿಂದ 2.3? ಗುಂಡಿಗುಂಡಿಯಲ್ಲಿ ಮುಂದಿನ ರಿಪೇರಿಗೆಂದು ಹತ್ತಾರು ಮೀಟರ್ ಫೈಬರನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ರಸ್ತೆಯ ಅಳತೆಗೂ ಗಾಜಿನ ಅಳತೆಗೂ ಅದರಿಂದ ತಾಳೆಯಾಗುವುದಿಲ್ಲ. ಯಾವ ಗುಂಡಿಯಲ್ಲಿ ಎಷ್ಟು ಸುರುಳಿ ಎಂದು ನೆನಪಿರುವ ಹಳೆಯ ಲೈನ್‌ಮನ್ ಮಾಪಕವನ್ನು ನೋಡಿ, ತಲೆಯಲ್ಲೇ ಕಳೆದು, "ಆ ಮುರಕಲ್ಲಿನ ಗೋಡೆ ಹತ್ರ ಅಗೀರಿ" ಎನ್ನುತ್ತಾನೆ. ಗುದ್ದಲಿ ಹಿಡಿದು ಅಗೆಯುವವರು ಉತ್ತರ ಕರ್ನಾಟಕದಿಂದ ದುಡಿಯಲು ಬಂದವರಾಗಿದ್ದರೆ ಆ ಮಾತು ಕನ್ನಡದಲ್ಲೇ ನಡೆದರೂ ಅಚ್ಚರಿಯಿಲ್ಲ.

ಮನೆಯ ಫೈಬರ್ ಡಬ್ಬಿಯಲ್ಲೂ ಇದೇ ಜಾಣತನದ ಒಂದು ಕುಡಿ ಇದೆ. ಕರೆಂಟು ಹೋದಾಗ ಅದರೊಳಗಿನ ಕೆಪಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಿಂದ ಅದು ಎಕ್ಸ್‌ಚೇಂಜಿಗೆ ಒಂದು ಕೊನೆಯ ಸಂದೇಶ ಕಳಿಸಿ ಆರುತ್ತದೆ. ಆ ಸಂದೇಶ ಬಂದು ಡಬ್ಬಿ ಮಾಯವಾದರೆ ಕರೆಂಟಿನ ತೊಂದರೆ, ಬಾರದೆ ಮಾಯವಾದರೆ ಫೈಬರಿನದು. ಒಂದು ಬೀದಿಯ ಹತ್ತು ಡಬ್ಬಿಗಳೂ ಸಂದೇಶ ಕೊಡದೆ ಒಟ್ಟಿಗೆ ಮಾಯವಾದರೆ ಯಾರೂ ಫೋನ್ ಮಾಡುವ ಮೊದಲೇ ಲೈನ್‌ಮನ್ ಹೊರಡಬಹುದು.

ಇಷ್ಟೆಲ್ಲ ಸುದ್ದಿ ಕೂಡಿಟ್ಟು ಕೊನೆಗೆ ಹಣದ ಮಾತು ಬರುತ್ತದೆ. ಲೈನು ಬಾಡಿಗೆಗೆ ಪಡೆದವನು ಎಷ್ಟು ಹೊತ್ತು ಲೈನಿರಲಿಲ್ಲ ಎಂದು ಹೇಗೆ ಸಾಬೀತು ಮಾಡಬೇಕು? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.826 ಎಂಬ ನಿಯಮ ಇದಕ್ಕೆ ಲೆಕ್ಕ ಹಾಕಿಕೊಟ್ಟಿದೆ. ಒಂದಾದರೂ ತಪ್ಪು ತುಂಡು ಇರುವ ಸೆಕೆಂಡು ತಪ್ಪಿನ ಸೆಕೆಂಡು. ಶೇಕಡಾ 30 ಅಥವಾ ಹೆಚ್ಚು ತುಂಡುಗಳು ಕೆಟ್ಟರೆ ತೀವ್ರ ತಪ್ಪಿನ ಸೆಕೆಂಡು. ಅಂಥ ಹತ್ತು ಸೆಕೆಂಡು ಸಾಲಾಗಿ ಬಂದರೆ ಆ ಹತ್ತನ್ನೂ ಸೇರಿಸಿ ಲೈನು ಇರಲಿಲ್ಲವೆಂದು ಲೆಕ್ಕ. ಹತ್ತು ಸೆಕೆಂಡು ಸಾಲಾಗಿ ಚೆನ್ನಾಗಿ ನಡೆದರೆ ಆ ಹತ್ತರ ಮೊದಲಿನಿಂದಲೇ ಇತ್ತೆಂದು. ಇದರ ಒಂದು ಸಂದು ಗಮನಿಸಿ. ಒಂಬತ್ತು ಸೆಕೆಂಡು ಸತ್ತು ಒಂದು ಸೆಕೆಂಡು ಬದುಕುವ ಲೈನು ಕಾಗದದ ಮೇಲೆ ದಿನವಿಡೀ ಇದ್ದಂತೆಯೇ! ಲಭ್ಯತೆಯ ಶೇಕಡಾವಾರು ಒಂದನ್ನೇ ಕೇಳುವ ಗ್ರಾಹಕ ಮೋಸ ಹೋಗುವುದು ಇಲ್ಲಿ. ಕರಾರಿನಲ್ಲಿ 99.5 ಎಂದು ಓದಿದಾಗ ನೂರಕ್ಕೆ ನೂರು ಎಂದೇ ಅನಿಸುತ್ತದೆ. 30 ದಿನದ ತಿಂಗಳಿಗೆ ಅದು ಮೂರು ಗಂಟೆ 36 ನಿಮಿಷ ಲೈನಿಲ್ಲದಿರಲು ಕೊಟ್ಟ ಒಪ್ಪಿಗೆ.

ಈಗ ಇ-ಒನ್ ಲೈನುಗಳು ಒಂದೊಂದಾಗಿ ಹೋಗುತ್ತಿವೆ. ಅವುಗಳ ಜಾಗಕ್ಕೆ ಈಥರ್ನೆಟ್ ಬಂದಿದೆ, ಅಗ್ಗ, ವೇಗ. ಆದರೆ ಅದು ಕಟ್ಟಡದೊಳಗಿನ ಕಂಪ್ಯೂಟರುಗಳಿಗೆಂದು ಹುಟ್ಟಿದ್ದು. ನಿಮ್ಮ ರೂಟರಿನ ಹಸಿರು ದೀಪ ಹೇಳುವುದು ಪಕ್ಕದ ಪೆಟ್ಟಿಗೆಯವರೆಗಿನ ಸುದ್ದಿಯನ್ನು ಮಾತ್ರ. ಪೆಟ್ಟಿಗೆಯಾಚೆ, ನದಿಯಾಚೆ ಕಡಿದರೂ ಅದು ಹಸಿರಾಗಿಯೇ ಉರಿಯುತ್ತದೆ. ಹಳೆಯವರು 1960ರ ದಶಕದಲ್ಲಿ ಬಿಡಿಸಿದ ಒಗಟನ್ನು ಹೊಸಬರು ಮತ್ತೆ ಬಿಡಿಸಬೇಕಾಯಿತು. 2006ರಲ್ಲಿ ಬಂದ ವೈ.1731 ಎಂಬ ನಿಯಮ ಈಥರ್ನೆಟ್ಟಿಗೂ ತುದಿಯಿಂದ ತುದಿಗೆ ಕ್ಷೇಮ ಸಮಾಚಾರ ಕಳಿಸುವುದನ್ನು ಕಲಿಸಿತು. ಅದರಲ್ಲಿ ಎಐಎಸ್ ಎಂಬ ಹೆಸರು ಹಾಗೆಯೇ ಉಳಿದಿದೆ. ಗೊತ್ತಾದ ಅಂತರದಲ್ಲಿ ಬರಬೇಕಾದ ಸಂದೇಶ ಮೂರೂವರೆ ಅಂತರದಷ್ಟು ಹೊತ್ತು ಬಾರದಿದ್ದರೆ ಅಲಾರ್ಮ್. ಸೌಲಭ್ಯ ಬಹುತೇಕ ದೊಡ್ಡ ಪೆಟ್ಟಿಗೆಗಳಲ್ಲಿ ಇದೆ, ಯಾರಾದರೂ ಕೇಳಿದರೆ ಮಾತ್ರ ಚಾಲೂ ಆಗುತ್ತದೆ.

ಆದ್ದರಿಂದ ನಿಮ್ಮ ಆಫೀಸು, ಬ್ಯಾಂಕು, ಸಹಕಾರ ಸಂಘ, ಆಸ್ಪತ್ರೆಗೆ ಲೈನು ಪಡೆಯುವಾಗ ಸಹಿ ಹಾಕುವ ಮುನ್ನ ನಾಲ್ಕು ಸಾಲು ಬರೆಸಿಕೊಳ್ಳಿ: ತುದಿಯಿಂದ ತುದಿಗೆ ಅಲಾರ್ಮ್ ಚಾಲೂ ಇರಬೇಕು, ಅದರ ಪರದೆ ನಮಗೂ ಕಾಣಬೇಕು, ತಿಂಗಳಿಗೊಮ್ಮೆ ತಪ್ಪಿನ ಸೆಕೆಂಡುಗಳ ವರದಿ ಕೊಡಬೇಕು, ಎರಡು ದಾರಿಯೆಂದು ಹಣ ಪಡೆದರೆ ಅವು ಎಲ್ಲೆಲ್ಲಿ ಹಾದು ಹೋಗುತ್ತವೆಂದು ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಕೊಡುವುದಿಲ್ಲ ಎಂದವರಿಂದ ಲೈನು ತೆಗೆದುಕೊಳ್ಳಬೇಡಿ.